ಒಟಿಟಿಯಲ್ಲಿ ನೋಡಲು ಚಿತ್ರ ಸೂಚಿಸುವ ಬಗೆ

ಒಟಿಟಿಯಲ್ಲಿ ನೋಡುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದಾಗ ಹತ್ತಾರು ಹೆಸರುಗಳನ್ನು ಒಮ್ಮೆಗೇ ಕಳುಹಿಸಿದರೆ, ಅವುಗಳಲ್ಲಿ ಒಂದನ್ನೂ ಅವರು ನೋಡದಿರುವ ಸಾಧ್ಯತೆಯೇ ಹೆಚ್ಚು. ಒಂದೇ ಚಿತ್ರವನ್ನು, ಅದು ಅವರಿಗೆ ಏಕೆ ಹಿಡಿಸೀತು ಎಂಬ ಎರಡು ಮಾತಿನೊಡನೆ ಹೇಳಿದರೆ ನೋಡುವ ಮನಸ್ಸು ಮಾಡುತ್ತಾರೆ. ಅದಕ್ಕೆ ಮೊದಲು ಅವರು ಯಾರೊಂದಿಗೆ ಕುಳಿತು ನೋಡುತ್ತಾರೆ, ಎಷ್ಟು ಹೊತ್ತಿನ ಬಿಡುವಿದೆ ಎಂಬುದನ್ನು ಕೇಳಿ ತಿಳಿಯಬೇಕು. ರಾತ್ರಿ ಅರ್ಧ ಗಂಟೆಯಷ್ಟೇ ಸಿಗುವ, ಮಕ್ಕಳೂ ಅಜ್ಜ ಅಜ್ಜಿಯರೂ ಒಟ್ಟಿಗೆ ಕೂರುವ ಮನೆಗೆ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಇಂದಿಗೂ ಹೊಂದುತ್ತದೆ.

ಕಾರಣ ಹೇಳುವಾಗ ಪ್ರಶಸ್ತಿಗಿಂತ ಚಿತ್ರದೊಳಗಿನ ಸಂಗತಿಯೇ ಹೆಚ್ಚು ಸೆಳೆಯುತ್ತದೆ. ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಗಳಿಸಿತು ಎಂದರೆ ಕೇಳಿದವರು ತಲೆದೂಗಿ ಮರೆತುಬಿಡಬಹುದು. ಮಂಡ್ಯ ಸೀಮೆಯ ಹಳ್ಳಿಯೊಂದರಲ್ಲಿ ನೂರು ದಾಟಿದ ಮುದುಕ ತೀರಿಕೊಂಡಿದ್ದಾನೆ, ಹನ್ನೊಂದನೆಯ ದಿನದ ತಿಥಿ ಹತ್ತಿರವಾಗುತ್ತಿರುವಾಗ ಮೊಮ್ಮಗ ಜಮೀನು ಮಾರಲು ಓಡಾಡುತ್ತಿದ್ದಾನೆ, ಆ ಜಮೀನು ಬರಬೇಕಾದ ಮಗನಿಗೋ ಅದರ ಗೊಡವೆಯೇ ಬೇಡ, ನಟಿಸಿದವರು ವೃತ್ತಿಪರ ಕಲಾವಿದರಲ್ಲ, ಆ ಕಡೆಯ ಹಳ್ಳಿಗರೇ ಎಂದು ಹೇಳಿ ನೋಡಿ. ಊರು ಬಿಟ್ಟು ದೂರದಲ್ಲಿರುವ ಹಳೇ ಮೈಸೂರಿನವರಿಗೆ ಆ ಮಾತಿನ ಧಾಟಿ ಕೇಳುವುದಕ್ಕಾದರೂ ನೋಡಬೇಕೆನಿಸುತ್ತದೆ. ಜೊತೆಗೇ ನಡೆ ನಿಧಾನವೆಂದೂ ಮೊದಲ ದೃಶ್ಯದಿಂದಲೇ ಬೈಗುಳಗಳಿವೆಯೆಂದೂ ತಿಳಿಸಿಬಿಡಬೇಕು. ಚಿತ್ರವನ್ನು ಪ್ರೀತಿಸುವವರು ಈ ಎಚ್ಚರಿಕೆಯನ್ನು ಮುಚ್ಚಿಡುತ್ತಾರೆ, ಆದರೆ ಮುಂದಿನ ಬಾರಿ ನಮ್ಮ ಮಾತನ್ನು ನಂಬುವಂತೆ ಮಾಡುವುದು ಅದೇ.

ಹಿಂಸೆಯ ವಿಷಯದಲ್ಲಂತೂ ಸಂಕೋಚ ಬೇಡ. ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ ಬಹಳ ಬಿಗಿಯಾಗಿ ಕಟ್ಟಿದ ಚಿತ್ರವೇ ಆದರೂ ಮಕ್ಕಳಿರುವ ಸಂಜೆಗೆ ತಕ್ಕದ್ದಲ್ಲ. ಭಾರತದಲ್ಲಿ 2021ರ ನಿಯಮಗಳ ಪ್ರಕಾರ ಒಟಿಟಿಗಳು ಎಲ್ಲರಿಗೂ, 7, 13, 16 ವರ್ಷ ಮೇಲ್ಪಟ್ಟವರಿಗೆ, ವಯಸ್ಕರಿಗೆ ಎಂದು ವರ್ಗೀಕರಿಸಿ ತೋರಿಸಬೇಕಾಗಿರುವುದರಿಂದ ಅದನ್ನು ನೋಡಿಕೊಂಡು ಹೇಳುವುದು ಸುಲಭ. ಮನಸ್ಸಿಗೆ ತಟ್ಟುವ ಸಂಗತಿಗಳು ಮಾತ್ರ ಆ ಗುರುತಿನಲ್ಲಿ ಕಾಣುವುದಿಲ್ಲ. ಮರೆವಿನ ರೋಗದ ತಂದೆ ಕಾಣೆಯಾಗುವ ಕಥೆಯುಳ್ಳ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ವಿನಲ್ಲಿ ಅನಂತ್ ನಾಗ್ ಅಭಿನಯವನ್ನು ಎಷ್ಟು ಹೊಗಳಿದರೂ ಸಾಲದು, ಹಾಗಿದ್ದರೂ ಮನೆಯಲ್ಲಿ ಅದೇ ಸ್ಥಿತಿಯ ಹಿರಿಯರಿರುವವರಿಗೆ ಕಥೆಯ ಎಳೆಯನ್ನು ಮೊದಲೇ ಹೇಳಿ, ನೋಡುವುದನ್ನು ಅವರ ನಿರ್ಧಾರಕ್ಕೆ ಬಿಡುವುದು ಸರಿ.

ಎಲ್ಲಿ ಸಿಗುತ್ತದೆ ಎಂಬುದನ್ನು ಅದೇ ದಿನ ಹುಡುಕಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಹಕ್ಕಿನ ಅವಧಿ ಮುಗಿದ ಚಿತ್ರಗಳು ಸದ್ದಿಲ್ಲದೆ ಮಾಯವಾಗುತ್ತವೆ, ಇಲ್ಲಿರುವುದು ಹೊರದೇಶದಲ್ಲಿ ಇಲ್ಲದಿರಬಹುದು, ಚಂದಾ ಕಟ್ಟಿದವರಿಗೂ ಕೆಲವು ಬಾಡಿಗೆಗಷ್ಟೇ ಸಿಗುತ್ತವೆ. ಭಾಷೆಯನ್ನೂ ಹೇಳಬೇಕು: ‘ಕಾಂತಾರ’ 2022ರಲ್ಲಿ ಕನ್ನಡದಲ್ಲಿ ಪ್ರೈಮ್ ವಿಡಿಯೊಗೂ ಹಿಂದಿಯಲ್ಲಿ ನೆಟ್‌ಫ್ಲಿಕ್ಸ್‌ಗೂ ಬಂದಿತ್ತು. ಇಂಥ ಚಿತ್ರಗಳನ್ನು ಕನ್ನಡದ ಧ್ವನಿಯಲ್ಲೇ, ಬೇಕಿದ್ದರೆ ಉಪಶೀರ್ಷಿಕೆ ಹಾಕಿಕೊಂಡು ನೋಡಲು ಒತ್ತಾಯಿಸುವುದು ತಪ್ಪಲ್ಲ. ದೊಡ್ಡ ವೇದಿಕೆಗಳಲ್ಲಿ ಕಾಣದ ಕನ್ನಡದ ಕೃತಿಗಳೂ ಇವೆ. ‘ಏಕಂ’ ಸರಣಿಯನ್ನು 2024ರಲ್ಲಿ ಅದರ ತಂಡವೇ ಸ್ವಂತ ಜಾಲತಾಣದಲ್ಲಿ ಬಿಡುಗಡೆ ಮಾಡಿತು.

ಸೂಚಿಸಿದ ಮೇಲೆ ನೋಡಿದಿರಾ ಎಂದು ಬೆನ್ನು ಹತ್ತಬೇಡಿ. ಅರ್ಧಕ್ಕೆ ನಿಲ್ಲಿಸಿದರೆಂದು ತಿಳಿದಾಗ ಮಾತ್ರ ಎಲ್ಲಿ ಬೇಸರವಾಯಿತು ಎಂದು ಕೇಳಿ. ‘ತಿಥಿ’ಯ ನಿಧಾನ ಒಗ್ಗದಿದ್ದರೂ ಹಳ್ಳಿಗರ ಮಾತು ಹಿಡಿಸಿತು ಎನ್ನುವವರಿಗೆ, ಕೂದಲುದುರಿದ ಕನ್ನಡ ಉಪನ್ಯಾಸಕನೊಬ್ಬನ ಹೆಣ್ಣು ಹುಡುಕಾಟವನ್ನು ಮಂಗಳೂರು ಕಡೆಯ ಕನ್ನಡದಲ್ಲಿ ನಗಿಸುತ್ತಾ ಹೇಳುವ ‘ಒಂದು ಮೊಟ್ಟೆಯ ಕಥೆ’ಯನ್ನು ಧೈರ್ಯವಾಗಿ ಸೂಚಿಸಬಹುದು.