ಐಸ್‌ಗೆ ನೀರು ಹಾಕುವ ಕೆಲಸ

"ಇಟಲಿಗೆ ಹೋಗಿ ನೀರು ಹಾಕ್ತಿದ್ಯೇನೋ?" ಅಂತ ಅಮ್ಮ ಫೋನಿನಲ್ಲಿ ನಕ್ಕರು. ನಿಜ, ಕೆಲಸ ಅದೇ. 2025ರ ಜನವರಿಯಲ್ಲಿ ಟುರಿನ್‌ನಲ್ಲಿ ವಿಶ್ವವಿದ್ಯಾಲಯಗಳ ಚಳಿಗಾಲದ ವಿಶ್ವ ಕ್ರೀಡಾಕೂಟ ನಡೆದಾಗ ನಾನು ಅಲ್ಲೇ ಓದುತ್ತಿದ್ದೆ. ಬೆಂಗಳೂರಿನಲ್ಲಿ ರೋಲರ್ ಸ್ಕೇಟಿಂಗ್ ಮಾಡಿದವನು, ಎರಡು ಚಳಿಗಾಲ ಐಸ್ ಮೇಲೂ ಬಿದ್ದು ಎದ್ದಿದ್ದೆ. ಹಾಗಾಗಿ ಶಾರ್ಟ್ ಟ್ರ್ಯಾಕ್‌ಗೆ, ಅಂದರೆ ಚಿಕ್ಕ ಸುತ್ತಿನಲ್ಲಿ ಹಲವರು ಒಟ್ಟಿಗೆ ಓಡುವ ಐಸ್ ಸ್ಕೇಟಿಂಗ್ ರೇಸ್‌ಗೆ, ಸ್ವಯಂಸೇವಕನಾಗಿ ಹಾಕಿಕೊಂಡರು.

ರಿಂಕ್, ಅಂದರೆ ಐಸ್ ಅಂಗಳ, 60 ಮೀಟರ್ ಉದ್ದ, 30 ಮೀಟರ್ ಅಗಲ. ಅದರೊಳಗೆ 111.12 ಮೀಟರ್‌ನ ಸುತ್ತು. ತಿರುವಿನಲ್ಲಿ ಗೆರೆ ಎಳೆದಿರುವುದಿಲ್ಲ, ಆ ಕಡೆ ಏಳು, ಈ ಕಡೆ ಏಳು ಕಪ್ಪು ರಬ್ಬರ್ ಬ್ಲಾಕ್ ಅಷ್ಟೇ. ಎಲ್ಲರೂ ಎಡಕ್ಕೇ ತಿರುಗುತ್ತಾರಲ್ವಾ, ಬ್ಲೇಡ್ ಕೊರೆದು ಕೊರೆದು ಒಂದೇ ಜಾಗ ಹಾಳಾಗುತ್ತದೆ. ಅದಕ್ಕೆ ಆಗಾಗ ಬ್ಲಾಕ್ ಜರುಗಿಸಿ ಇಡೀ ಟ್ರ್ಯಾಕನ್ನೇ ಸ್ವಲ್ಪ ಆಚೀಚೆ ಸರಿಸುತ್ತಾರೆ. ಹೀಗೆ ಒಟ್ಟು ಐದು ಟ್ರ್ಯಾಕ್. ಎಲ್ಲದಕ್ಕೂ ಐಸ್‌ನಲ್ಲಿ ಗುರುತು ಇರುತ್ತದೆ, ರಂಗೋಲಿ ಚುಕ್ಕಿ ತರಹ. ಮೊದಲ ದಿನ ನಾನು ಒಂದು ಬ್ಲಾಕನ್ನು ಪಕ್ಕದ ಚುಕ್ಕಿಗೆ ಇಟ್ಟುಬಿಟ್ಟಿದ್ದೆ. ಜೊತೆಗಿದ್ದ ಹಿರಿಯರು ಮಾತಾಡದೆ ಸ್ಕೇಟ್ ತುದಿಯಿಂದ ಸರಿಸಿದರು. ಬೈದಿದ್ದರೇ ವಾಸಿ ಇತ್ತು.

ರೇಸ್ ಮುಗಿದ ತಕ್ಷಣ ತಿರುವಿಗೆ ನೀರು. ಇದಕ್ಕೆ ಕೈ ಕುದುರಬೇಕು. ಜಾಸ್ತಿ ಸುರಿದರೆ ಗಟ್ಟಿಯಾಗುವಷ್ಟರಲ್ಲಿ ಮುಂದಿನವರು ಬಂದು ನಿಂತಿರುತ್ತಾರೆ. ಕಮ್ಮಿಯಾದರೆ ಗೀರು ತುಂಬುವುದಿಲ್ಲ. ಬಕೆಟ್ ಬಾಗಿಸಿಕೊಂಡು ನಿಲ್ಲದೆ ಜಾರುತ್ತಾ ಹೋಗಬೇಕು. ನಿಂತಿರೋ, ಅಲ್ಲೊಂದು ಗುಡ್ಡೆ.

ಆದರೆ ಎದೆ ಹೊಡೆದುಕೊಳ್ಳುವುದು ರೇಸ್ ನಡೆಯುವಾಗ. ನಾವು ತಿರುವಿನ ಒಳಗಡೆ ಕೈಯಲ್ಲೊಂದು ಬ್ಲಾಕ್ ಹಿಡಿದು ನಿಂತಿರುತ್ತೇವೆ. ಯಾರದ್ದೋ ಕೈಯೋ ಬ್ಲೇಡೋ ತಗುಲಿ ಬ್ಲಾಕ್ ಹಾರುತ್ತದೆ. ಜೋರಾಗಿ ಹೋಗುವಾಗ ಸುತ್ತಿಗೆ ಒಂಬತ್ತು ಸೆಕೆಂಡ್, ಅಷ್ಟರಲ್ಲಿ ಅವರು ಮತ್ತೆ ಬಂದರು ಅಂತಲೇ ಲೆಕ್ಕ. ಹಾರಿದ್ದರ ಹಿಂದೆ ಓಡಬಾರದು. ಕೈಯಲ್ಲಿರುವುದನ್ನು ಚುಕ್ಕಿಗೆ ಇಟ್ಟು ಹಿಂದಕ್ಕೆ ಸರಿಯಬೇಕು.

ಹುಡುಗಿಯರ 1000 ಮೀಟರ್ ರೇಸ್ ಒಂದರಲ್ಲಿ ಇಬ್ಬರು ಒಟ್ಟಿಗೆ ಜಾರಿ ರಿಂಕ್ ಅಂಚಿನ ಮೆತ್ತನೆ ಪ್ಯಾಡ್‌ಗೆ ಬಡಿದರು. ಎರಡು ಬ್ಲಾಕ್ ಹೋದವು, ನನ್ನ ಕೈಯಲ್ಲಿದ್ದದ್ದು ಒಂದೇ. ಅದನ್ನು ಇಟ್ಟೆ. ಇನ್ನೊಂದನ್ನು ಆ ಹಿರಿಯರು ಎಲ್ಲಿಂದಲೋ ಜಾರಿ ಬಂದು ಇಟ್ಟು, ನನ್ನ ಜಾಕೆಟ್ ಹಿಡಿದು ಹಿಂದಕ್ಕೆ ಎಳೆದರು. ಮುಂದಿದ್ದವಳು ಎಡಗೈ ಬೆರಳ ತುದಿಯನ್ನು ಐಸ್‌ಗೆ ಒರೆಸುತ್ತಾ ಆ ಬ್ಲಾಕ್ ಪಕ್ಕದಲ್ಲೇ ಸರ್‍ರಂತ ಹೋದಳು.

ಗೆದ್ದವರು ಯಾರು ಅಂತ ನನಗೆ ಗೊತ್ತಾಗಿದ್ದು ರಾತ್ರಿ ಬಸ್ಸಿನಲ್ಲಿ.