ವಿರಹಕ್ಕೆ ಹೊತ್ತು ಗೊತ್ತು ಮಾಡಿದ ಮೇಲೆ

ಪ್ರೀತಿ ಮುರಿದ ಮೇಲೆ, ದಿನಾ ಸಂಜೆ ಗೊತ್ತಾದ ಹೊತ್ತಲ್ಲಿ ಮಾತ್ರ ಆ ನೆನಪುಗಳನ್ನು ಬರೆದಿಡುವ ಕ್ರಮ ಹಿಡಿದೆ. ದಿನಾ ಕೂತು ನೆನಪು ಮಾಡಿಕೊಂಡರೆ ಗಾಯ ಕೆರೆದ ಹಾಗಲ್ವಾ ಅಂತ ಗೆಳೆಯರೆಲ್ಲ ತಡೆದರು. ಐದು ತಿಂಗಳಾಯಿತು, ಈಗ ಅವರಲ್ಲೇ ಇಬ್ಬರು ಇದೇ ಕ್ರಮ ಹಿಡಿದಿದ್ದಾರೆ. ನಂಬರ್ ಬ್ಲಾಕ್ ಮಾಡೋದು, ಚಾಟ್ ಅಳಿಸೋದು ನಿಮಗೆ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ.

ಮೊದಲು ಕೈಕೊಟ್ಟ ಉಪಾಯಗಳು. ಫೋಟೊಗಳನ್ನು ಒಂದೇ ರಾತ್ರಿ ಅಳಿಸಿದ್ದು ತಪ್ಪು. ಟ್ರ್ಯಾಶ್‌ನಲ್ಲಿ ಉಳಿದಿರುತ್ತವೆ, ಮೂರನೇ ರಾತ್ರಿ ಬೆರಳು ಅಲ್ಲಿಗೇ ಹೋಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿ, ಆರು ತಿಂಗಳು ಕೇಳಿದರೂ ಕೊಡಬೇಡ ಅಂತ ನಂಬಿಕಸ್ಥರ ಕೈಗೆ ಕೊಡುವುದೇ ಸರಿ. ಬ್ಲಾಕ್ ತೆಗೆಯೋದು, ಮತ್ತೆ ಹಾಕೋದು ಇನ್ನೂ ಕೆಟ್ಟದ್ದು. ಹತ್ತು ಮೆಸೇಜಿಗೆ ಒಂದು ಉತ್ತರ ಬಂದರೂ ಆಸೆ ಚಿಗುರುತ್ತದೆ. ಪ್ರವಾಸ, ಜಿಮ್‌ನ ವರ್ಷದ ಫೀಸು, ಹೊಸ ಫೋನು ಅಂತ ಸುರಿದದ್ದು ಹತ್ತಿರ ಹತ್ತಿರ ಎರಡು ತಿಂಗಳ ಸಂಬಳ. ಹೊಸ ಫೋನಿಗೆ ಹಳೇ ಬ್ಯಾಕಪ್ ಹಾಕಿದ್ದೇ ತಡ, ಅದೇ ಮುಖ ವಾಪಸ್. ಕೆಲಸಕ್ಕೆ ಬಂದದ್ದು ಒಂದು ನೋಟ್‌ಬುಕ್, ಒಂದು ಪೆನ್.

ಸಂಜೆ, ಊಟಕ್ಕೆ ಮುಂಚೆ, ಕುರ್ಚಿಯಲ್ಲಿ ಕೂತು 20 ನಿಮಿಷಕ್ಕೆ ಟೈಮರ್ ಇಡಬೇಕು. ಹಾಸಿಗೆ ಮೇಲೆ ಕೂಡದು, ದುಃಖ ಆ ಜಾಗಕ್ಕೇ ಅಂಟಿಕೊಂಡು ನಿದ್ದೆ ಕೆಡುತ್ತದೆ. ಪುಟದ ನಡುವೆ ಗೆರೆ. ಎಡಕ್ಕೆ ಮನಸ್ಸು ಹಂಬಲಿಸುತ್ತಿರುವುದು, ಬಲಕ್ಕೆ ಅದೇ ವಿಷಯದಲ್ಲಿ ನಿಜಕ್ಕೂ ನಡೆದದ್ದು. ಎಡಕ್ಕೆ ‘ಯಾವಾಗ ಕರೆದರೂ ಬರುತ್ತಿದ್ದರು’ ಅಂತ ಬಂದರೆ, ಬಲಕ್ಕೆ ‘ಕೊನೆಯ ತಿಂಗಳು ಮೂರು ಸಲ ಫೋನ್ ಎತ್ತಲಿಲ್ಲ’. ಅಷ್ಟೇ, ಬೈಗುಳ ಬೇಡ. ಬೈದರೆ ಆಮೇಲೆ ಪಶ್ಚಾತ್ತಾಪವಾಗಿ, ಕ್ಷಮೆ ಕೇಳೋ ನೆಪದಲ್ಲಿ ಮೆಸೇಜ್ ಹೋಗುತ್ತದೆ. ಟೈಮರ್ ಹೊಡೆದಾಗ ವಾಕ್ಯ ಅರ್ಧದಲ್ಲಿದ್ದರೂ ಪುಸ್ತಕ ಮುಚ್ಚಲೇಬೇಕು.

ಹಗಲಲ್ಲಿ ನೆನಪು ಉಕ್ಕಿದರೆ ಚೀಟಿಯಲ್ಲಿ ಒಂದೇ ಪದ ಗೀಚಿ ಜೇಬಿಗೆ. ‘ನೆನೆಯಬೇಡ’ ಅಂದರೆ ಮನಸ್ಸು ಹಟ ಹಿಡಿಯುತ್ತದೆ, ‘ಸಂಜೆಗೆ’ ಅಂದರೆ ಒಪ್ಪುತ್ತದೆ. ಚೀಟಿ ಎಣಿಸಿಡಿ. ಮೊದಲ ವಾರ ದಿನಕ್ಕೆ 30–40 ಇದ್ದವು, ಮೂರನೇ ವಾರಕ್ಕೆ ಹದಿನೈದರ ಆಸುಪಾಸು, ಎರಡನೇ ತಿಂಗಳ ಕೊನೆಗೆ ನಾಲ್ಕೈದು. ನಡುವೆ ಒಂದೇ ಒಂದು ಹುಟ್ಟುಹಬ್ಬದ ಶುಭಾಶಯ ಕಳಿಸಿದ್ದಕ್ಕೆ ಲೆಕ್ಕ ಮತ್ತೆ 20 ದಾಟಿತು, ಇಳಿಯಲು ಹನ್ನೆರಡು ದಿನವೋ ಏನೋ ಹಿಡಿಯಿತು.

ಇದರ ಜೊತೆಗೇ ವಾಸನೆಯನ್ನೂ ಪರೀಕ್ಷಿಸಿದೆ. ದಿಂಬಿನ ಕವರ್, ಸೋಪು, ಬಟ್ಟೆ ಒಗೆಯುವ ಪುಡಿ ಬದಲಿಸಿದ ಮೇಲೆ ಬೆಳಗಿನ ಚೀಟಿಗಳು ಅರ್ಧಕ್ಕಿಳಿದವು. ಹಾಡು ಬದಲಿಸಿದ್ದರಿಂದ ಏನೂ ಆಗಲಿಲ್ಲ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೂರು ವಾರ ದಿನಾ ಪ್ಯಾರಾಸಿಟಮಾಲ್ ತೆಗೆದುಕೊಂಡವರಿಗೆ ಮನಸ್ಸಿನ ನೋವು ತುಸು ತಗ್ಗಿತ್ತಂತೆ. ಲಿವರ್ ಮೇಲೆ ಹೊರೆ ಹಾಕುವ ಬಾಬತ್ತು, ಅದನ್ನು ನಾನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಎರಡು ವಾರ ಊಟ ನಿದ್ದೆ ಸೇರದಿದ್ದರೆ, ಅಥವಾ ಬದುಕೇ ಬೇಡ ಅನ್ನಿಸಿದರೆ, ನೋಟ್‌ಬುಕ್ ನೆಚ್ಚಿ ಕೂರದೆ ಕೂಡಲೇ ಡಾಕ್ಟರ ಹತ್ತಿರ ಹೋಗಿ.

ನೋಟ್‌ಬುಕ್ಕಿನ ಪುಟದಲ್ಲಿ ಬಲಗಡೆಯ ಮೊದಲ ಸಾಲು ಮಾತ್ರ ದಿನಾ ಒಂದೇ ಇರಬೇಕು. ನನ್ನದು ಯಾವುದೆಂದು ಹೇಳುವುದಿಲ್ಲ. ನಿಮ್ಮದು ಸಿಗಲು ಒಂದು ವಾರ ಬೇಕಾದೀತು.