ಬಾಲ್ ಬ್ಯಾಡ್ಮಿಂಟನ್ ಆಡಿದ ಕೈಗೆ ಶಟಲ್ ಕಲಿಸಿದ್ದು

ಹೈಸ್ಕೂಲಿನಲ್ಲಿ ನಾನು ಬಾಲ್ ಬ್ಯಾಡ್ಮಿಂಟನ್ ತಂಡದಲ್ಲಿದ್ದೆ. ತಿಪಟೂರಿನ ಮಣ್ಣಿನ ಅಂಕಣ, ಹಳದಿ ಉಲ್ಲನ್ ಚೆಂಡು, ಐದು ಜನ ಹುಡುಗಿಯರು. ತಾಲ್ಲೂಕು ಮಟ್ಟದಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೂ ಹೋಗಿದ್ದೆವು. ಹಾಗಾಗಿ 41ನೇ ವಯಸ್ಸಿನಲ್ಲಿ, ಬೆಂಗಳೂರಿನ ನಮ್ಮ ಮನೆ ಹತ್ತಿರದ ಕೋರ್ಟಿಗೆ ಶಟಲ್ ಕಲಿಯಲು ಸೇರಿದಾಗ ಅರ್ಧ ಆಟ ಗೊತ್ತೇ ಇದೆ ಅಂದುಕೊಂಡಿದ್ದೆ. ಒಂದೇ ವಾರದಲ್ಲಿ ಆ ಲೆಕ್ಕ ತಪ್ಪಾಯಿತು.

ಉಲ್ಲನ್ ಚೆಂಡು 30 ಗ್ರಾಂ ಹತ್ತಿರ ತೂಗುತ್ತದೆ. ಶಟಲ್ ಕಾಕ್ 5 ಗ್ರಾಂ ಅಷ್ಟೇ: 16 ಗರಿ, ಒಂದು ಬಿರಡೆ. ಹೊಡೆದ ಕೂಡಲೇ ಬಾಣದ ಹಾಗೆ ಹೊರಡುತ್ತದೆ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ಅದರ ಗರಿಗಳನ್ನು ತಡೆಯುತ್ತದೆ, ಕೊನೆಗೆ ಹೆಚ್ಚುಕಡಿಮೆ ನೆಟ್ಟಗೆ ಕೆಳಕ್ಕಿಳಿಯುತ್ತದೆ. ಚೆಂಡು ನಾನಿದ್ದಲ್ಲಿಗೆ ಬರುತ್ತಿತ್ತು. ಕಾಕ್ ನನಗಿಂತ ಎರಡು ಹೆಜ್ಜೆ ಮುಂದೆಯೇ ಬಿದ್ದುಬಿಡುತ್ತಿತ್ತು, ನಾನು ಕೈ ಚಾಚಿಕೊಂಡು ಕಾಯುತ್ತಿದ್ದೆ. ಮುಂದಿನ ಎಂಟು ತಿಂಗಳು ನಾನು ಕಲಿತದ್ದೆಲ್ಲ ಈ ಎರಡು ಹೆಜ್ಜೆಗೆ ಸಂಬಂಧಪಟ್ಟಿದ್ದೇ.

ಆದರೆ ಮೊದಲು ಸರಿಮಾಡಿಸಿದ್ದು ಹಿಡಿತ. ಬಾಲ್ ಬ್ಯಾಡ್ಮಿಂಟನ್ ರ‍್ಯಾಕೆಟ್ ಭಾರ. ಮುಷ್ಟಿ ಬಿಗಿ ಹಿಡಿದು ಇಡೀ ತೋಳಿನಿಂದ ಬೀಸುವ ಅಭ್ಯಾಸ ನನ್ನದು. ಕೋಚ್ ನನಗಿಂತ ಹದಿನೈದು ವರ್ಷ ಚಿಕ್ಕ ಹುಡುಗ. "ಮೇಡಂ, ದೋಸೆ ಮಗುಚೋ ಹಾಗೆ ಹಿಡ್ಕೊಂಡಿದ್ದೀರ" ಅಂದು, ರ‍್ಯಾಕೆಟ್ಟಿನ ಅಂಚು ನೆಲ ನೋಡುವ ಹಾಗೆ ತಿರುಗಿಸಿ, "ಈಗ ಹಿಡಿಗೆ ಕೈ ಕುಲುಕಿ" ಎಂದ. ಹೆಬ್ಬೆರಳು ತೋರುಬೆರಳಿನ ಸಂದು ಆ ಅಂಚಿನ ನೇರಕ್ಕೆ ಬಂತು. ಇದು ಫೋರ್‌ಹ್ಯಾಂಡ್, ಅಂದರೆ ಅಂಗೈ ಮುಂದಾಗಿ ಹೊಡೆಯುವ ಹಿಡಿತ. ಕೈಯ ಹಿಂಬದಿ ಮುಂದಾಗಿ ಹೊಡೆಯುವ ಬ್ಯಾಕ್‌ಹ್ಯಾಂಡ್‌ಗೆ ಹಿಡಿಯನ್ನು ಬೆರಳಲ್ಲೇ ಹೊರಳಿಸಿ, ಅಗಲದ ಪಟ್ಟಿಯ ಮೇಲೆ ಹೆಬ್ಬೆರಳು ಒತ್ತಬೇಕು. ಉಳಿದಂತೆ ಬೆರಳು ಸಡಿಲ, ಕಾಕ್ ತಾಗುವ ಗಳಿಗೆಗೆ ಮಾತ್ರ ಬಿಗಿ. ಇದನ್ನು ನಾನು ರೂಢಿ ಮಾಡಿಕೊಂಡಿದ್ದು ಅಡುಗೆಮನೆಯಲ್ಲಿ. ಕುಕ್ಕರ್ ಮೂರು ಸಲ ಕೂಗುವಷ್ಟು ಹೊತ್ತು ಕಣ್ಣು ಮುಚ್ಚಿ ಹಿಡಿ ಹೊರಳಿಸುತ್ತಿದ್ದೆ: ಫೋರ್, ಬ್ಯಾಕ್, ಫೋರ್, ಬ್ಯಾಕ್. ತಿಂಗಳೊಳಗೆ ಬೆರಳುಗಳು ತಾವಾಗಿಯೇ ಜಾಗ ಹುಡುಕಿಕೊಂಡವು.

ಕಾಲು ಕಲಿಯಲು ಅದಕ್ಕಿಂತ ತುಂಬಾ ದಿನ ಹಿಡಿಯಿತು. ಸಿಂಗಲ್ಸ್‌ನಲ್ಲಿ ಒಬ್ಬರ ಪಾಲಿಗೆ ಬರುವುದು 6.7 ಮೀಟರ್ ಉದ್ದ, 5.18 ಮೀಟರ್ ಅಗಲದ ಜಾಗ. ಅಷ್ಟನ್ನು ಮನೆ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡೆ. ನಡುವೆ ಒಂದು ಗುರುತು; ಮುಂದೆ ಎರಡು, ಪಕ್ಕಕ್ಕೆ ಎರಡು, ಹಿಂದೆ ಎರಡು ಮೂಲೆ. ರ‍್ಯಾಕೆಟ್ ಇದೆ, ಕಾಕ್ ಇಲ್ಲ. ಮಗಳು ಮೆಟ್ಟಿಲ ಮೇಲೆ ಕೂತು ಯಾವುದೋ ಮೂಲೆಗೆ ಬೆರಳು ತೋರಿಸುತ್ತಾಳೆ, ನಾನು ಹೋಗಿ ಮುಟ್ಟಿ ನಡುವಿಗೆ ವಾಪಸ್ ಬರಬೇಕು. ಎದುರಿನವರು ಹೊಡೆಯುವ ಹೊತ್ತಿಗೆ ಸರಿಯಾಗಿ ನಿಂತಲ್ಲೇ ಒಂದು ಸಣ್ಣ ಕುಪ್ಪಳಿಕೆ. ಎರಡೂ ಪಾದ ನೆಲ ಮುಟ್ಟಿದಾಗ ಮೈ ಯಾವ ದಿಕ್ಕಿಗಾದರೂ ಹೊರಡಲು ತಯಾರಿರುತ್ತದೆ. ಆ ಕುಪ್ಪಳಿಕೆ ಬಿಟ್ಟರೆ ಅರ್ಧ ಹೆಜ್ಜೆ ತಡವಾಯಿತೆಂದೇ ಲೆಕ್ಕ. ನೆಟ್ ಕಡೆ ಹೋಗುವಾಗ ಕೊನೆಯ ಉದ್ದ ಹೆಜ್ಜೆ ರ‍್ಯಾಕೆಟ್ ಹಿಡಿದ ಕೈಯ ಕಡೆಯ ಕಾಲಿನದು, ಹಿಮ್ಮಡಿ ಮೊದಲು ಊರಬೇಕು.

ಇಲ್ಲಿ ನನ್ನದೊಂದು ತಪ್ಪಾಯಿತು. ವಾಕಿಂಗ್ ಶೂಗಳಲ್ಲೇ ಆಡುತ್ತಿದ್ದೆ, ಆ ಕೊನೆಯ ಹೆಜ್ಜೆಯಲ್ಲಿ ಪಾದ ಒಳಗೆ ತಿರುಗುತ್ತಿತ್ತು. ಮಂಡಿ ನೋವು ಶುರುವಾಗಿ ಮೂರು ವಾರ ಕೋರ್ಟಿಗೆ ಹೋಗಲಾಗಲಿಲ್ಲ. ದಪ್ಪ ಮೆತ್ತನೆಯ ಅಡಿ ಇರುವ ಶೂಗಳು ಪಕ್ಕಕ್ಕೆ ಹೊರಳುತ್ತವೆ. ಈ ಆಟಕ್ಕೆ ತೆಳು, ಚಪ್ಪಟೆ ರಬ್ಬರ್ ಅಡಿಯ ಶೂಗಳೇ ಬೇಕು. ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇದೇ: ಮೊದಲು ಶೂಗಳಿಗೆ ಖರ್ಚು ಮಾಡಿ, ಒಳ್ಳೆಯ ರ‍್ಯಾಕೆಟ್ ಆಮೇಲೆ ಬರಲಿ.

ಎಲ್ಲರ ಹಾಗೆ ನನಗೂ ಸ್ಮ್ಯಾಶ್, ಅಂದರೆ ಮೇಲಿಂದ ಕೆಳಕ್ಕೆ ಜೋರಾಗಿ ಬಾರಿಸುವ ಹೊಡೆತ, ಹೊಡೆಯುವ ಆಸೆ. ಕೋಚ್ ಒಪ್ಪಲಿಲ್ಲ. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1980ರ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿಯ ಫೈನಲ್‌ನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದ್ದನ್ನು ನೆನಪಿಸಿದ. ಕಿಂಗ್ ಹೆಸರಾಗಿದ್ದೇ ಎಗರಿ ಹೊಡೆಯುವ ಸ್ಮ್ಯಾಶ್‌ಗೆ. ಪಡುಕೋಣೆ ಕಾಕ್ ಅನ್ನು ಎಲ್ಲಿ ಬೀಳಿಸಬೇಕೋ ಅಲ್ಲಿ ಬೀಳಿಸಿ ಗೆದ್ದರು. ಆ ಪಂದ್ಯದ ತುಣುಕುಗಳನ್ನು ಹುಡುಕಿ ನೋಡಿದೆ, ಕೈಯನ್ನು ಬಿಟ್ಟು ಅವರ ಕಾಲನ್ನೇ ನೋಡಿದೆ. ಓಡಿದರು ಅನ್ನಿಸುವುದೇ ಇಲ್ಲ, ಕಾಕ್ ಇಳಿಯುವ ಮುಂಚೆ ಅಲ್ಲಿರುತ್ತಾರೆ.

ಹಾಗಾಗಿ ನನಗೆ ಕೊಟ್ಟ ಕೆಲಸ ಟಾಸ್. ಅಂದರೆ ನಮ್ಮ ಹಿಂದಿನ ಗೆರೆಯಿಂದ ಅವರ ಹಿಂದಿನ ಗೆರೆಗೆ ಎತ್ತರವಾಗಿ ಹೊಡೆಯುವುದು. ಎಷ್ಟೇ ಜೋರಾಗಿ ಬೀಸಿದರೂ ನನ್ನದು ಅವರ ಅಂಕಣದ ಅರ್ಧಕ್ಕೇ ಬೀಳುತ್ತಿತ್ತು. "ಚಿಕ್ಕವರಿದ್ದಾಗ ಮಾವಿನಕಾಯಿಗೆ ಕಲ್ಲು ಹೊಡೀತಿದ್ರಿ ತಾನೆ? ಹಾಗೆ" ಅಂದ. ಮೈ ಪಕ್ಕಕ್ಕೆ ತಿರುಗಿಸಿ, ಎಡಗೈ ಕಾಕ್ ಕಡೆ ಎತ್ತಿ, ಮೊಣಕೈ ಮೊದಲು ಮುಂದೆ ಬಂದು ಮುಂಗೈ ಆಮೇಲೆ ಹೊರಳಿತು. ತಿಪಟೂರಿನಲ್ಲಿ ಎಷ್ಟು ಮಾವಿನಕಾಯಿ ಉದುರಿಸಿದ್ದೆನೋ, ತೋಳು ಅದನ್ನು ಮರೆತಿರಲಿಲ್ಲ.

ಸರ್ವ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಡೆಯುವಾಗ ಕಾಕ್ ನೆಲದಿಂದ 1.15 ಮೀಟರ್ ಒಳಗೆ ಇರಬೇಕು. ದಿನಾ 50 ಬ್ಯಾಕ್‌ಹ್ಯಾಂಡ್ ಸರ್ವ್ ಮಾಡಿದರೆ ಅದು ಬರುತ್ತದೆ. ಕಾಕ್ ವಿಷಯದಲ್ಲಿ ಮಾತ್ರ ಒಂದು ಮಾತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಕಾಕ್ ದೂರ ಹೋಗುತ್ತದೆ, ಅದಕ್ಕೇ ನಮ್ಮ ಕೋರ್ಟಿನಲ್ಲಿ ವೇಗದ ಅಂಕಿ 77 ಇರುವುದರ ಬದಲು ಅದಕ್ಕಿಂತ ನಿಧಾನದ 76ರ ಗರಿಯ ಕಾಕ್ ಬಳಸುತ್ತಾರೆ. ಕಲಿಯುವಾಗ ನನ್ನ ಕೈಯಲ್ಲಿದ್ದದ್ದು ನೈಲಾನ್ ಕಾಕ್; ಗರಿಯದು ದುಬಾರಿ, ತಪ್ಪು ಹೊಡೆತಕ್ಕೆ ಬೇಗ ಮುರಿಯುತ್ತದೆ.

ಕೋರ್ಟಿನ ಹಿಂಭಾಗದಲ್ಲಿ ಎರಡು ಗೆರೆಗಳಿವೆ, ನಡುವೆ 76 ಸೆಂಟಿಮೀಟರ್ ಅಂತರ. ಎಂಟನೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಕೋಚ್ ಎತ್ತಿ ಕೊಟ್ಟ ಕಾಕ್‌ನ ಕೆಳಗೆ ನಾನು ಮೊದಲೇ ಹೋಗಿ ನಿಂತಿದ್ದೆ. ಹೊಡೆದಾಗ ತಂತಿಯ ನಡುವಿನಿಂದ ಟಪ್ ಎಂಬ ಸದ್ದು ಬಂತು. ಕಾಕ್ ಅವನ ತಲೆ ಮೇಲಿಂದ ಹಾದು ಆ ಎರಡು ಗೆರೆಗಳ ನಡುವೆ ನೆಟ್ಟಗೆ ಇಳಿಯಿತು. ಅವನು ಹಿಂದೆ ತಿರುಗಿ ನೋಡಿ, "ಇನ್ನೊಂದು, ಮೇಡಂ" ಅಂದ.